ಬಿಎ ಪ್ರಾಜೆಕ್ಟ್: ತಾಂಡಾ ಹುಡುಗೀರು ಮತ್ತು ಸರ್ಕಾರಿ ಸೈಕಲ್, ಎಲ್ಲಿಂದ ಶುರು ಮಾಡ್ಲಿ?

ಮೆಕ್ಕೆಜೋಳ_ಹುಡುಗಿ:
ಎಲ್ರಿಗೂ ನಮಸ್ಕಾರ. ನಾನು ಹರಪನಹಳ್ಳಿ ಕಡೆಯವಳು, ಬಿಎ ಲಾಸ್ಟ್ ಇಯರ್, ಸೋಶಿಯಾಲಜಿ. ಪ್ರಾಜೆಕ್ಟ್‌ಗೆ "ಶಿಕ್ಷಣ ಮತ್ತು ಸಾಮಾಜಿಕ ಬದಲಾವಣೆ" ಅಂತ ಬರ್ಕೊಟ್ಟಿದ್ದೆ, ಗೈಡ್ ಮೇಡಂ ನೋಡಿ ಇದ್ರಲ್ಲಿ ಹತ್ತು ಪಿಎಚ್‌ಡಿ ಆಗ್ತವೆ ಕಣಮ್ಮ ಸಣ್ಣದು ಮಾಡ್ಕೊಂಡು ಬಾ ಅಂದ್ರು. ಎಂಟನೇ ಕ್ಲಾಸಿಗೆ 2006-07ರಿಂದ ಸೈಕಲ್ ಕೊಡ್ತಿದ್ರಲ್ಲ, ಅದ್ರಿಂದ ಪಕ್ಕದ ತಾಂಡಾ ಹುಡುಗೀರು ಜಾಸ್ತಿ ಓದಿದ್ರಾ ಅಂತ ನೋಡೋಣ ಅಂದ್ಕೊಂಡಿದೀನಿ. 200 ಜನಕ್ಕೆ ಗೂಗಲ್ ಫಾರ್ಮ್ ಕಳಿಸಿದ್ರೆ ಸಾಕಾ? ಮೇಡಂ ಬಿಜಿ, ಪದೇ ಪದೇ ಕೇಳೋಕೆ ಮುಜುಗರ.

ರಿಟೈರ್ಡ್_ಮೇಷ್ಟ್ರು:
ಮಗಾ, ಗೂಗಲ್ ಫಾರ್ಮ್ ತುಂಬೋದು ನಿನ್ನ ಫ್ರೆಂಡ್ಸು, ಆ ಹುಡುಗೀರ ತಾಯಂದಿರಲ್ಲ. ಪ್ರಿನ್ಸಿಪಾಲ್ ಹತ್ರ ಒಂದು ಲೆಟರ್ ಮಾಡಿಸ್ಕೊಂಡು ತಾಂಡಾ ಸ್ಕೂಲ್ ಎಚ್‌ಎಂ ಹತ್ರ ಹೋಗು, ಅಡ್ಮಿಶನ್ ರಿಜಿಸ್ಟರ್ ಕೇಳು. ಏಳನೇದು ಮುಗ್ಸಿ ಯಾರು ಟಿಸಿ ತಗೊಂಡ್ರು, ಅದ್ರಲ್ಲಿ ಎಷ್ಟು ಹುಡುಗೀರ ಹೆಸ್ರು ಹೈಸ್ಕೂಲ್ ರಿಜಿಸ್ಟರಲ್ಲಿ ಇದೆ, ಎರಡೂ ಪಕ್ಕಕ್ಕಿಟ್ಟು ನೋಡು. ಸೈಕಲ್ ಬರೋಕೆ ಮುಂಚಿನ ಬ್ಯಾಚು, ಸೈಕಲ್ ಇದ್ದಾಗಿನವು, ಕೊರೋನಾ ಟೈಮಲ್ಲಿ ನಿಂತ ಮೇಲಿನವು, ಮೂರೂ ಅದ್ರಲ್ಲೇ ಸಿಗ್ತವೆ. ಹೆಸರಿರೋ ಪುಟದ ಫೋಟೋ ಮಾತ್ರ ಹೊಡೀಬೇಡ, ನಂಬರ್ ಹಾಕಿ ಬರ್ಕೋ.

ಕೂಡ್ಲಿಗಿ_ಕಾಕಾ:
ಮೇಷ್ಟ್ರು ಹೇಳಿದ್ದು ಖರೆ ಐತಿ. ಆದ್ರ ತಂಗಿ, ಲೆಕ್ಕ ಏರಿದ್ದು ಸೈಕಲ್‌ನಿಂದ ಅಂತ ಲಗೂ ಬರ್ದುಬಿಡಬ್ಯಾಡ, ನಾ ಎಂಎದಾಗ ಅದೇ ತಪ್ಪು ಮಾಡೀನಿ. ಅದೇ ಹೊತ್ನ್ಯಾಗ ರಸ್ತೆ ಆಗಿರ್ತತಿ, ಹಾಸ್ಟೆಲ್ ಬಂದಿರ್ತತಿ. 2023ರ ಜೂನ್‌ನಿಂದ ಹೆಣ್ಮಕ್ಳಿಗೆ ಬಸ್ ಫ್ರೀ ಆತು, ಆದ್ರ ಬಸ್ಸೇ ಬರದ ತಾಂಡಾಕ್ಕ ಅದರಿಂದ ಏನ್ ಬಂತು? ಇನ್ನ ಕಬ್ಬು ಕಡಿಯಾಕ ಗುಳೆ ಹೋಗೋ ಮನ್ಯಾಗ ಸೈಕಲ್ ಇದ್ರೂ ಹುಡುಗಿ ಊರಾಗ ಇರಂಗಿಲ್ಲ. ದೀಪಾವಳಿ ಆದಮ್ಯಾಲಿನ ಹಾಜರಿ ಪುಸ್ತಕ ತೆಗೆದು ನೋಡು.

ಕಾಲೇಜ್_ಅಕ್ಕ:
ಗೈಡ್ ವಿಷ್ಯಕ್ಕೆ ಒಂದು ಮಾತು, ನಾನೂ ಪಾಠ ಮಾಡೋಳೇ. "ಮೇಡಂ ಏನ್ ಮಾಡ್ಲಿ" ಅಂತ ಬಂದ್ರೆ ನಮಗೂ ಏನೂ ಹೊಳಿಯಲ್ಲ, ನೋಡ್ಕೊಂಡು ಬಂದಿದ್ದನ್ನ ಎರಡು ಪುಟ ಬರ್ದು ಕೊಟ್ರೆ ಪೆನ್ ತಾನಾಗೇ ಓಡುತ್ತೆ. ಆಮೇಲೆ ನೋಟ್ಸ್ ಎರಡು ಕಡೆ ಇಡು. ನಮ್ ಸೋಶಿಯಾಲಜಿಯ ದೊಡ್ಡ ವಿದ್ವಾಂಸರು ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಹತ್ರದ ಹಳ್ಳೀಲಿ ಕೂತು ನೋಡಿದ್ದನ್ನ ಆಮೇಲೆ ವಿಂಗಡಿಸಿ ಮಾಡ್ಕೊಂಡಿದ್ದ ನೋಟ್ಸು 1970ರಲ್ಲಿ ಅಮೆರಿಕದಲ್ಲಿ ಬೆಂಕಿಗೆ ಹೋಯ್ತು, ಅವ್ರು ನೆನಪಿಂದ್ಲೇ ಪುಸ್ತಕ ಬರ್ದ್ರು, ನಮ್ ಕೈಲಾಗುತ್ತಾ ಅದು 😄

ಮೆಕ್ಕೆಜೋಳ_ಹುಡುಗಿ:
ಥ್ಯಾಂಕ್ಸ್ ಎಲ್ರಿಗೂ, ನಿನ್ನೆ ಹೋಗಿದ್ದೆ. ಎಚ್‌ಎಂ ಸರ್ ಮೊದ್ಲು ಗುರ್ ಅಂದ್ರು, ಲೆಟರ್ ನೋಡಿದ್ಮೇಲೆ ಚಾ ಕೊಟ್ರು. ರಿಜಿಸ್ಟರಲ್ಲಿ ಶಾಲೆ ಬಿಡೋಕೆ ಕಾರಣ ಅಂತ ಒಂದು ಕಾಲಂ ಇದೆ, ಹುಡುಗೀರಿಗೆಲ್ಲ ಒಂದೇ ಥರ "ಮುಂದಿನ ವ್ಯಾಸಂಗಕ್ಕಾಗಿ" ಅಂತ ಬರ್ದಿದಾರೆ, ಅದ್ರಲ್ಲಿ ಇಬ್ರು ನಮ್ಮ ಹೊಲಕ್ಕೆ ಕಳೆ ತೆಗಿಯೋಕೆ ಬರ್ತಾರೆ, ಹೈಸ್ಕೂಲ್ ಮೆಟ್ಟಿಲೇ ಹತ್ತಿಲ್ಲ ಅವ್ರು. ಇದನ್ನ ಎರಡು ಪುಟ ಬರ್ದು ಮೇಡಂ ಕೈಗೆ ಕೊಟ್ಟೆ. ಸೈಕಲ್ ಆಮೇಲೆ ನೋಡೋಣ, ಮೊದ್ಲು ಆ ಇಬ್ರನ್ನ ಮಾತಾಡಿಸ್ಕೊಂಡು ಬಾ ಅಂದ್ರು.