ರೋಮನ್ನರು ನಮ್ಮ ಕರಾವಳಿಯನ್ನು ಆಳಿದ್ದರಾ?

ಬೈತಖೋಲ_ಗಾಳ: ಗೆಳೆಯ ಒಬ್ಬ ಪಟ್ಟು ಹಿಡಿದು ಕೂತಿದ್ದಾನೆ. ಹಳೇ ರೋಮನ್ ನಕಾಶೆಯಲ್ಲಿ ಕೇರಳದ ಹಳೇ ಬಂದರು ಮುಜಿರಿಸ್ ಪಕ್ಕ ರೋಮ್ ಚಕ್ರವರ್ತಿ ಅಗಸ್ಟಸ್‌ನ ದೇವಸ್ಥಾನ ತೋರಿಸಿದ್ದಾರಂತೆ, ಅಂದಮೇಲೆ ಅದು ರೋಮಿನ ಪ್ರಾಂತ್ಯವೇ ಅಂತ. ಸರೀನಾ? ಇನ್ನೊಂದು, ಕಾರವಾರದಂಥ ಬಂದರು ಬಿಟ್ಟು ಅವರು ಅಷ್ಟು ದಕ್ಷಿಣಕ್ಕೆ ಯಾಕೆ ಹೋದರು?

ಅಂಕೋಲಾ_ಮಾಸ್ತರು: ನಕಾಶೆಯಲ್ಲಿ ಇರೋದು ನಿಜ. ಆದರೆ ದೇವಸ್ಥಾನ ಇದ್ದಮಾತ್ರಕ್ಕೆ ಊರು ಅವರದ್ದಾಗುತ್ತದಾ? ಅಲ್ಲಿ ಉಳಿದ ವ್ಯಾಪಾರಿಗಳು ಕಟ್ಟಿಕೊಂಡಿರಬಹುದು, ಆಳಿದ್ದು ಚೇರರು. ಕ್ರಿ.ಪೂ. 30ರಲ್ಲಿ ಈಜಿಪ್ಟ್ ರೋಮಿನ ಕೈಗೆ ಬಂತು. ಆಮೇಲೆ ಅಲ್ಲಿಯ ಕೆಂಪು ಸಮುದ್ರದ ದಡದ ಮ್ಯೋಸ್ ಹಾರ್ಮೋಸ್ ಬಂದರಿನಿಂದಲೇ ವರ್ಷಕ್ಕೆ 120 ಹಡಗು ಭಾರತಕ್ಕೆ ಹೊರಡುತ್ತಿದ್ದವು ಅಂತ ಆ ಕಾಲದ ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ಕೆಂಪು ಸಮುದ್ರದ ದಕ್ಷಿಣ ಭಾಗದಲ್ಲಿರುವ ಫರಸಾನ್ ದ್ವೀಪದಲ್ಲಿ ಕ್ರಿ.ಶ. 144ರ ಲ್ಯಾಟಿನ್ ಶಾಸನ ಸಿಕ್ಕಿದೆ, ಅಲ್ಲಿವರೆಗೂ ಅವರ ದಂಡು ಇತ್ತು. ಅದರಾಚೆ ಬರೀ ವ್ಯಾಪಾರ.

ಇಲ್ಲಿಗೆ ಬಂದು ಆಳುವ ಉಸಾಬರಿ ಅವರಿಗೆ ಬೇಕೂ ಇರಲಿಲ್ಲ. ಸರಕು ಕೆಂಪು ಸಮುದ್ರದ ದಡದಲ್ಲಿ ಇಳಿಯಬೇಕು, ಒಂಟೆ ಮೇಲೆ ಮರುಭೂಮಿ ದಾಟಿ ನೈಲ್ ದಡದ ಕೊಪ್ಟೋಸ್ ಊರಿಗೆ ಹೋಗಬೇಕು, ಅಲ್ಲಿಂದ ನೈಲ್ ನದಿಯಲ್ಲಿ ದೋಣಿ ಮೇಲೆ ಅಲೆಕ್ಸಾಂಡ್ರಿಯಾಕ್ಕೆ. ಅಲ್ಲಿ ಉಗ್ರಾಣದಲ್ಲಿ ಮೊಹರು ಹಾಕಿಟ್ಟು ನೂರಕ್ಕೆ 25 ಸುಂಕ ಮುರಿದುಕೊಳ್ಳುತ್ತಿದ್ದರು. 2ನೇ ಶತಮಾನದ ಒಂದು ಪಪೈರಸ್ (ಜೊಂಡಿನ ಹಾಳೆಯ ಪತ್ರ) ಪ್ರಕಾರ ಮುಜಿರಿಸ್‌ನಿಂದ ಬಂದ ಹರ್ಮಪೊಲ್ಲೊನ್ ಎಂಬ ಒಂದೇ ಹಡಗಿನ ಸರಕು ಸುಮಾರು 70 ಲಕ್ಷ ಸೆಸ್ಟರ್ಸ್ (ರೋಮಿನ ನಾಣ್ಯ) ಬಾಳುತ್ತಿತ್ತು. ಆಗ ಸೈನಿಕನ ವರ್ಷದ ಸಂಬಳ 1,200. ಕೂತಲ್ಲೇ ಇಷ್ಟು ಬರುವಾಗ ಯುದ್ಧ ಯಾರಿಗೆ ಬೇಕು?

ಶಿರಸಿ_ಕಾಳುಮೆಣಸು: ಕಾರವಾರ ಯಾಕೆ ಬೇಡವಾಯಿತು ಅಂದರೆ, ಕಡಲ್ಗಳ್ಳರು ಮಾರಾಯ! 1ನೇ ಶತಮಾನದ ನಾವಿಕರ ಕೈಪಿಡಿ ಪೆರಿಪ್ಲಸ್‌ನಲ್ಲಿ ಮುಂಬೈ ಹತ್ತಿರದ ಕಲ್ಯಾಣದಿಂದ ಕೆಳಗೆ ಬರುತ್ತ ಕೆಲವು ದ್ವೀಪಗಳ ಹೆಸರಿದೆ, ಖೆರ್ಸೊನೆಸೊಸ್ ಎಂಬ ಜಾಗವಿದೆ, ಆ ಸುತ್ತಮುತ್ತ ಕಳ್ಳರ ಕಾಟ ಅಂತಲೂ ಇದೆ. ಆ ಜಾಗ ಕಾರವಾರವೇ ಅಂತ ಕೆಲವು ವಿದ್ವಾಂಸರು, ದ್ವೀಪಗಳಲ್ಲೊಂದು ಅಂಜದೀವ ಅನ್ನುವವರೂ ಇದ್ದಾರೆ. ಭಾರತಕ್ಕೆ ಬರುವ ಹಡಗುಗಳಲ್ಲಿ ಬಿಲ್ಲುಗಾರರನ್ನು ಹತ್ತಿಸಿಕೊಳ್ಳುತ್ತಿದ್ದರು ಅಂತ ಅದೇ ಶತಮಾನದ ರೋಮನ್ ಲೇಖಕ ಪ್ಲಿನಿ ಹೇಳುತ್ತಾನೆ.

ನಮ್ಮ ಬನವಾಸಿ ಹೆಸರು 2ನೇ ಶತಮಾನದ ಭೂಗೋಳಕಾರ ಟಾಲೆಮಿಯ ಊರುಗಳ ಪಟ್ಟಿಯಲ್ಲಿದೆ, ಅದೊಂದು ಖುಷಿ. ಆದರೆ ಮೆಣಸು ಮಾತ್ರ ಕೇರಳದ ಕಡೆಯ ಕೊಟ್ಟನಾರದ್ದೇ ಅಂತ ಪೆರಿಪ್ಲಸ್ ಬರೆದವ ಷರಾ ಹಾಕಿಬಿಟ್ಟಿದ್ದಾನೆ, ನಮ್ಮ ಘಟ್ಟದ ಮೆಣಸು ಲೆಕ್ಕಕ್ಕೇ ಇಲ್ಲ! ಈಜಿಪ್ಟಿನ ಹಳೇ ಬಂದರು ಬೆರೆನೀಕೆಯಲ್ಲಿ ದೇವಸ್ಥಾನದ ಅಂಗಳ ಅಗೆದಾಗ ಭಾರತದ್ದೇ ದೊಡ್ಡ ಮಣ್ಣಿನ ಹಂಡೆ ಸಿಕ್ಕಿತು. ಒಳಗೆ ಏಳೂವರೆ ಕಿಲೋ ಕರಿಮೆಣಸು, ಕಾಳು ಕಾಳಾಗಿ ಹಾಗೇ ಇತ್ತು.

ಬೈತಖೋಲ_ಗಾಳ: ಕಳ್ಳರ ಊರು ಅನ್ನಿಸಿಕೊಂಡೆವಲ್ಲ, ಹೋಗಲಿ ಬಿಡಿ. ಅಷ್ಟು ಮೆಣಸಿಗೆ ಅವರು ಏನು ಕೊಡುತ್ತಿದ್ದರು?

ಅಂಕೋಲಾ_ಮಾಸ್ತರು: ಜಾಸ್ತಿ ನಾಣ್ಯವೇ, ಚಿನ್ನ ಬೆಳ್ಳಿ. ಜೊತೆಗೆ ದ್ರಾಕ್ಷಾರಸ, ಹವಳ, ಗಾಜು, ತಾಮ್ರ. ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಭಾರತಕ್ಕೆ ಸೋರಿ ಹೋಗುತ್ತಿದೆ ಅಂತ ಪ್ಲಿನಿ ಗೋಳಾಡಿದ್ದಾನೆ. ಬರೀ ಕರಾವಳಿಯಲ್ಲಲ್ಲ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲೂ ಆ ನಾಣ್ಯ ಸಿಕ್ಕಿವೆ. ಗೆಳೆಯನಿಗೆ ಹೇಳಿ, ನಾಣ್ಯ ಸಿಕ್ಕಲ್ಲೆಲ್ಲ ಪ್ರಾಂತ್ಯ ಅಂದರೆ ಯಶವಂತಪುರವೂ ರೋಮಿಗೆ ಸೇರಬೇಕಾಗುತ್ತದೆ.