ಏಪ್ರಿಲ್‌ನಿಂದ ಇಲ್ಲಿವರೆಗಿನ ಮಾರಾಟ: ಹೋದ ವರ್ಷದ್ದನ್ನು ಯಾವ ತಾರೀಕಿಗೆ ನಿಲ್ಲಿಸಬೇಕು?

ಶೋರೂಂ ಲೆಕ್ಕ: ಮೈಸೂರಿನ ಒಂದು ಬೈಕ್ ಶೋರೂಂನಲ್ಲಿ ಲೆಕ್ಕ ನೋಡುತ್ತೇನೆ. ರಿಪೋರ್ಟಿನಲ್ಲಿ ಈ ವರ್ಷದ್ದು 2025ರ ಏಪ್ರಿಲ್ 1ರಿಂದ ಅಕ್ಟೋಬರ್ 25ರವರೆಗೆ ಇದೆ. ಪಕ್ಕದ ಕಾಲಂನಲ್ಲಿ ಹೋದ ವರ್ಷದ್ದು ಅಕ್ಟೋಬರ್ 31ರವರೆಗೆ ಪೂರ್ತಿ ಬಂದಿದೆ. ಮಾರಾಟ ಬಿದ್ದಿದೆ ಅಂತ ಮಾಲೀಕರು ಹುಡುಗರಿಗೆ ಬೈದರು. ಈ ಹೋಲಿಕೆ ಸರೀನಾ?

ದಿನಲೆಕ್ಕ: ತಪ್ಪು. ಈ ಕಡೆ 208 ದಿನ, ಆ ಕಡೆ 214. ಆರು ದಿನದ ಮಾರಾಟ ಸುಮ್ನೆ ಹೋದ ವರ್ಷಕ್ಕೆ ಸೇರಿಕೊಂಡಿದೆ. ರಿಪೋರ್ಟ್ ಮಾಡೋ ಪವರ್ ಬಿಐ ಸಾಫ್ಟ್‌ವೇರ್‌ನಲ್ಲಿ ಎಷ್ಟೋ ಜನ ಎಡವೋದು ಇಲ್ಲೇ. ಈ ವರ್ಷದ ಕೊನೇ ಬಿಲ್ ಯಾವ ತಾರೀಕಿನದೋ, ಹೋದ ವರ್ಷವನ್ನೂ ಅಲ್ಲಿಗೇ ಕತ್ತರಿಸಿ.

ಹುಬ್ಬಳ್ಳಿ ಮಂದಿ: "ಅಲ್ಲಿಗೇ ಕತ್ತರಿಸಿ" ಅಂದರೆ ದೀಪಾವಳಿಯನ್ನೇ ಕತ್ತರಿಸಿದ ಹಾಗೆ. 2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ಕ್ಕೆ, ಈ ವರ್ಷ 20ಕ್ಕೆ. ನೀವು ಹೇಳಿದಂತೆ ಮಾಡಿದರೆ ಈ ವರ್ಷಕ್ಕೆ ಹಬ್ಬ ಇದೆ, ಹೋದ ವರ್ಷಕ್ಕೆ ಇಲ್ಲ. 31ರವರೆಗೆ ಇರೋದೇ ಸರಿ.

ಹಳೇ ಮೈಸೂರು: ದೀಪಾವಳಿಗೆ ಬೈಕ್ ಯಾರು ತಗೊಳ್ತಾರೆ? ಗಾಡಿ ಮನೆಗೆ ಬರೋದು ಆಯುಧಪೂಜೆಗೆ. ಹೋದ ವರ್ಷ ಅಕ್ಟೋಬರ್ 11, ಈ ವರ್ಷ 1. ಎರಡೂ 25ರ ಒಳಗೇ ಇವೆ.

ಹುಬ್ಬಳ್ಳಿ ಮಂದಿ: "ಯಾರು ತಗೊಳ್ತಾರೆ" ಅನ್ನೋರು ಒಮ್ಮೆ ನಮ್ಮ ಕಡೆ ಬನ್ನಿ. ಪಾಡ್ಯಮಿಗೆ ಅಂಗಡಿಯವರು ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುತ್ತಾರೆ. ನಮ್ಮ ಮನೆಯ ಎರಡು ಗಾಡಿಯೂ ಅದೇ ದಿನ ಬಂದದ್ದು. ಕರ್ನಾಟಕ ಅಂದರೆ ಮೈಸೂರು ಒಂದೇ ಅಲ್ಲ!

ಹಳೇ ಮೈಸೂರು: ಪ್ರಶ್ನೆ ಕೇಳಿದವರೇ ಮೈಸೂರಿನವರು. ಮೊದಲು ಅದನ್ನು ಓದಿ. ನಿಮ್ಮ ಮನೆಯ ಎರಡು ಗಾಡಿ ಇಟ್ಟುಕೊಂಡು ರಿಪೋರ್ಟ್ ಮಾಡೋಕಾಗಲ್ಲ.

ತೆರಿಗೆ ನೋಟ: ಇಬ್ಬರೂ ದೊಡ್ಡದನ್ನೇ ಬಿಟ್ಟಿದ್ದೀರಿ. ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಆಗಸ್ಟ್ 15ರ ಘೋಷಣೆ ಕೇಳಿ ಜನ ಕಾದು ಕೂತರು. ಅದಕ್ಕೇ ಬರೀ ತಿಂಗಳ ಲೆಕ್ಕ ನಂಬಬೇಡಿ, ಏಪ್ರಿಲ್‌ನಿಂದ ಒಟ್ಟು ನೋಡಿ.

ಹಳೇ ಮೈಸೂರು: "ಕಾದು ಕೂತರು" ಅಂದಿರಲ್ಲ, ಸೆಪ್ಟೆಂಬರ್ 22 ನವರಾತ್ರಿಯ ಮೊದಲ ದಿನ. ಕಾದವರು ತಗೊಂಡಿದ್ದು ದಸರೆಗೇ. ನಾನು ಹೇಳಿದ್ದೂ ಅದೇ.

ಹುಬ್ಬಳ್ಳಿ ಮಂದಿ: ದೀಪಾವಳಿಗೂ ಅದೇ 18 ಇತ್ತು ರೀ!

ಶೋರೂಂ ಲೆಕ್ಕ: ದಯವಿಟ್ಟು ನನ್ನ ಪ್ರಶ್ನೆಗೆ ಬನ್ನಿ. ಹುಡುಗರ ಇನ್ಸೆಂಟಿವ್ ಈ ಕಾಲಂ ಮೇಲೆ ನಿಂತಿದೆ.

ದಿನಲೆಕ್ಕ: ಹಾಗಿದ್ದರೆ ತಾರೀಕಿಗೆ ತಾರೀಕು ಇಡಿ. 31ರವರೆಗೆ ಬಂದದ್ದು ಯಾರೋ ಹಬ್ಬ ನೋಡಿ ಹಾಕಿದ್ದಲ್ಲ, ತಿಂಗಳು ಪೂರ್ತಿ ತಾನಾಗಿ ಸೇರಿದ್ದು. ಹಬ್ಬವೇ ಬೇಕು ಅಂದರೆ ಹೋದ ವರ್ಷ ನವೆಂಬರ್ 2ಕ್ಕೆ ಇದ್ದ ಪಾಡ್ಯಮಿ ಎಲ್ಲಿ ಹೋಯಿತು?

ಹುಬ್ಬಳ್ಳಿ ಮಂದಿ: "ಪಾಡ್ಯಮಿ ಎಲ್ಲಿ" ಅಂತ ನೀವೇ ಕೇಳಿದಿರಿ. ಅಂದರೆ ದೀಪಾವಳಿ ಲೆಕ್ಕಕ್ಕೆ ಬರುತ್ತೆ ಅಂತಾಯಿತು. ನವೆಂಬರ್ 2ರವರೆಗೇ ತಗೊಳ್ಳಿ.

ದಿನಲೆಕ್ಕ: ಆಗ 208ಕ್ಕೆ 216 ದಿನ. ತಪ್ಪು ಇನ್ನೂ ಜಾಸ್ತಿ ಆಯಿತು.

ಶೋರೂಂ ಲೆಕ್ಕ: ಸೋಮವಾರ ಮೀಟಿಂಗ್ ಇದೆ. 25ಕ್ಕೆ 25 ಇಟ್ಟು ತಗೊಂಡು ಹೋಗುತ್ತೇನೆ. ಎರಡೂ ವರ್ಷದ ದೀಪಾವಳಿ ತಾರೀಕನ್ನು ಕೆಳಗೆ ಬರೆಯುತ್ತೇನೆ.

ಹುಬ್ಬಳ್ಳಿ ಮಂದಿ: ಕೆಳಗೆ ಬೇಡ. ಮೇಲೇ ಬರೀರಿ, ಕಣ್ಣಿಗೆ ಬೀಳಲಿ.