ಬಿಎಸ್ಸಿ ಮೊದಲ ಸೆಮಿಸ್ಟರ್: ಬಾಟನಿ, ಜುವಾಲಜಿ ಕ್ಲಾಸಿನ ನಿಯಮಗಳನ್ನು ನೀವು ಹೇಗೆ ನಿಭಾಯಿಸಿದಿರಿ?

ಕೇಳಿದವರು

ಎಲ್ಲರಿಗೂ ನಮಸ್ಕಾರ. ಈ ವರ್ಷ ಸರ್ಕಾರಿ ಕಾಲೇಜಿನಲ್ಲಿ ಬಿಎಸ್ಸಿ ಸಿಬಿಜೆಡ್‌ಗೆ (ರಸಾಯನಶಾಸ್ತ್ರ, ಬಾಟನಿ ಅಂದರೆ ಸಸ್ಯಶಾಸ್ತ್ರ, ಜುವಾಲಜಿ ಅಂದರೆ ಪ್ರಾಣಿಶಾಸ್ತ್ರ) ಸೇರಿದ್ದೇನೆ. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮೊದಲ ವಾರವೇ ಬಾಟನಿ ಮೇಡಂ ಒಂದು ಹಾಳೆ ಹಿಡಿದು ನಿಯಮಗಳನ್ನೆಲ್ಲ ಓದಿದರು. ಶೇ. 75 ಹಾಜರಾತಿ, ಎರಡು ಟೆಸ್ಟ್, ಅಸೈನ್‌ಮೆಂಟ್, ಪ್ರತಿ ವಾರ ರೆಕಾರ್ಡ್‌ಗೆ (ಪ್ರಯೋಗ ಬರೆದಿಡುವ ಪುಸ್ತಕ) ಸಹಿ, ಹರ್ಬೇರಿಯಂ (ಒತ್ತಿ ಒಣಗಿಸಿದ ಗಿಡಗಳ ಸಂಗ್ರಹ), ಲ್ಯಾಬ್‌ಗೆ ಬಿಳಿ ಕೋಟು, ತಡವಾಗಿ ಕೊಟ್ಟರೆ ಅಂಕ ಇಲ್ಲ. ಕೇಳಿ ತಲೆ ತಿರುಗಿತು. ನಾನು ಊರಿಂದ ದಿನಾ ಬಸ್ಸಿನಲ್ಲಿ ಓಡಾಡುವವಳು, ಒಂದು ಕಡೆಗೇ ಒಂದೂವರೆ ಗಂಟೆ ಆಗುತ್ತದೆ. ಇದರಲ್ಲಿ ಯಾವುದಕ್ಕೆ ಮೊದಲು ಗಮನ ಕೊಡಬೇಕು? ಇದನ್ನು ದಾಟಿ ಬಂದವರು ಹೇಳಿ.

ಮೂರನೇ ವರ್ಷದ ವಿದ್ಯಾರ್ಥಿನಿ, ಹಾಸನ ಕಡೆಯವಳು

ತಂಗಿ, ಮೊದಲು ಹಾಜರಾತಿ. ಅದರಲ್ಲೂ ಪ್ರಾಕ್ಟಿಕಲ್ ಹಾಜರಾತಿ. ನಾನು ಪೆಟ್ಟು ತಿಂದಿದ್ದೇ ಅಲ್ಲಿ.

ಥಿಯರಿ ಕ್ಲಾಸ್ ಒಂದೆರಡು ತಪ್ಪಿದರೆ ಲೆಕ್ಕ ಜಾಸ್ತಿ ಅಲುಗಾಡುವುದಿಲ್ಲ, ಯಾಕೆಂದರೆ ವಾರಕ್ಕೆ ನಾಲ್ಕು ಇರುತ್ತವೆ. ಪ್ರಾಕ್ಟಿಕಲ್ ಇರುವುದು ವಾರಕ್ಕೆ ಒಂದೇ ದಿನ. ರಜೆ, ಚುನಾವಣೆ, ಕಾಲೇಜು ಡೇ ಎಲ್ಲ ಕಳೆದು ಮೊದಲ ಸೆಮಿಸ್ಟರ್‌ನಲ್ಲಿ ನಮಗೆ ಸಿಕ್ಕಿದ್ದು 14 ಪ್ರಾಕ್ಟಿಕಲ್. ಅಣ್ಣನ ಮದುವೆಗೆ ಎರಡು ಹೋಯಿತು, ಜ್ವರಕ್ಕೆ ಒಂದು, ಬಸ್ ಕೆಟ್ಟು ನಿಂತಿದ್ದಕ್ಕೆ ಒಂದು. ನಾಲ್ಕೇ ನಾಲ್ಕು. 14ರಲ್ಲಿ 10 ಅಂದರೆ 71 ಪರ್ಸೆಂಟ್! ನನಗೆ ಗೊತ್ತಾಗಿದ್ದು ಕೊನೆಗೆ ಪಟ್ಟಿ ಹಾಕಿದಾಗ. ಎಲ್ಲ ವಿಷಯ ಸೇರಿಸಿ ನೋಡುತ್ತಾರೆ ಅಂದುಕೊಂಡಿದ್ದೆ, ಆದರೆ ನಮ್ಮಲ್ಲಿ ಒಂದೊಂದು ವಿಷಯಕ್ಕೂ ಬೇರೆಬೇರೆ ಲೆಕ್ಕ. ಡಾಕ್ಟರ್ ಚೀಟಿ ತೆಗೆದುಕೊಂಡು ಮೇಡಂ ಹತ್ತಿರ ಹೋದೆ. ಜ್ವರ ಬಂದ ವಾರವೇ ಕೊಡಬೇಕಿತ್ತು, ಎರಡು ತಿಂಗಳಾದ ಮೇಲೆ ಹೇಗೆ ತೆಗೆದುಕೊಳ್ಳಲಿ ಅಂದರು. ಆ ರಾತ್ರಿ ಅಮ್ಮನಿಗೆ ಹೇಳಲು ಆಗದೆ ಅತ್ತಿದ್ದೇನೆ.

ಕೊನೆಗೆ ದಾರಿ ತೋರಿಸಿದ್ದು ಅದೇ ಮೇಡಂ. ಇನ್ನೊಂದು ಬ್ಯಾಚ್‌ಗೆ ಒಂದೆರಡು ಪ್ರಾಕ್ಟಿಕಲ್ ಬಾಕಿ ಇತ್ತು, ಅವರ ಜೊತೆ ಬಂದು ಮಾಡು ಅಂದರು. ಹಾಗೆ ಉಳಿದುಕೊಂಡೆ. ಇದನ್ನೇ ನಿನಗೆ ಹೇಳಬೇಕು ಅಂತ ಬರೆಯುತ್ತಿದ್ದೇನೆ. ಒಂದು ಪ್ರಾಕ್ಟಿಕಲ್ ತಪ್ಪಿದರೆ ಮಾರನೇ ದಿನವೇ ಹೋಗಿ, "ಮೇಡಂ, ಬೇರೆ ಬ್ಯಾಚ್ ಜೊತೆ ಮಾಡಬಹುದಾ" ಅಂತ ಕೇಳು. ಆ ವಾರ ಆ ಪ್ರಯೋಗದ ಸಾಮಾನು ಮೇಜಿನ ಮೇಲೆಯೇ ಇರುತ್ತದೆ, ಅವರಿಗೂ ತೊಂದರೆ ಇಲ್ಲ. ತಿಂಗಳು ಬಿಟ್ಟು ಕೇಳಿದರೆ ಎಲ್ಲಿಂದ ತರುತ್ತಾರೆ ಹೇಳು? ಬಸ್ಸಿನ ವಿಷಯವನ್ನೂ ಮೊದಲೇ ಹೇಳಿಬಿಡು. ನಿನ್ನ ಊರು, ಬಸ್ಸಿನ ಸಮಯ ಎರಡೂ ಅವರಿಗೆ ಗೊತ್ತಿರಲಿ.

ಬಾಟನಿ ಪಾಠ ಮಾಡುವವರು, ಉತ್ತರ ಕರ್ನಾಟಕ

ಮೇಲಿನವರು ಹೇಳಿದ್ದು ಸರಿ. ನಾನು ರೆಕಾರ್ಡ್ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಮಕ್ಕಳು ಹೆಚ್ಚು ಕಷ್ಟಪಡುವುದೂ ಅದಕ್ಕೇ, ಕಡಿಮೆ ಕಲಿಯುವುದೂ ಅದರಿಂದಲೇ. ನನಗೆ ಬೇಸರ ಆಗುವ ವಿಷಯ ಇದು.

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಸಹಿ ಮಾಡಿದ ರೆಕಾರ್ಡ್ ಇಲ್ಲದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದು ಕಷ್ಟ. ಹಾಗಾಗಿ ಕೊನೆಯ ವಾರ ಎಲ್ಲರೂ ಸೀನಿಯರ್‌ಗಳ ರೆಕಾರ್ಡ್ ತಂದು ರಾತ್ರಿ ಎಲ್ಲ ಕೂತು ನಕಲು ಮಾಡುತ್ತಾರೆ. ನಮಗೆ ತಿಳಿಯುವುದಿಲ್ಲ ಅಂದುಕೊಂಡಿರುತ್ತಾರೆ. ಒಂದು ಉದಾಹರಣೆ ಕೊಡುತ್ತೇನೆ. ಈರುಳ್ಳಿ ಬೇರಿನ ತುದಿಯಲ್ಲಿ ಮೈಟಾಸಿಸ್ (ಒಂದು ಕೋಶ ಎರಡಾಗುವುದು) ನೋಡುವ ಪ್ರಯೋಗ ಇದೆಯಲ್ಲ, ಈರುಳ್ಳಿಯ ಕೋಶದಲ್ಲಿ 16 ಕ್ರೋಮೋಸೋಮ್ (ವರ್ಣತಂತು) ಇರುತ್ತವೆ. ಪುಸ್ತಕದಲ್ಲಿ ಸುಲಭವಾಗಿ ಅರ್ಥವಾಗಲಿ ಅಂತ ನಾಲ್ಕೇ ಬಿಡಿಸಿರುತ್ತಾರೆ. ರೆಕಾರ್ಡ್‌ನಲ್ಲೂ ಅಚ್ಚುಕಟ್ಟಾಗಿ ನಾಲ್ಕೇ ಕಂಡರೆ ಈ ಮಗು ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟಿಲ್ಲ ಅಂತ ಗೊತ್ತಾಗುತ್ತದೆ. ನಿಜವಾಗಿ ನೋಡಿದವರ ಚಿತ್ರ ಬೇರೆಯೇ ಇರುತ್ತದೆ. ಹೆಚ್ಚಿನ ಕೋಶಗಳು ಸುಮ್ನೆ ಗುಂಡು ನ್ಯೂಕ್ಲಿಯಸ್ ಇಟ್ಟುಕೊಂಡು ಕೂತಿರುತ್ತವೆ, ಎಲ್ಲೋ ಒಂದೆರಡು ವಿಭಜನೆ ಆಗುತ್ತಿರುತ್ತವೆ, ಕ್ರೋಮೋಸೋಮ್‌ಗಳು ಒಂದರ ಮೇಲೊಂದು ಬಿದ್ದು ಎಣಿಸಲೂ ಆಗುವುದಿಲ್ಲ. ಅದನ್ನೇ ಬಿಡಿಸಿ. "ಮೆಟಾಫೇಸ್ ಸ್ಪಷ್ಟವಾಗಿ ಕಾಣಲಿಲ್ಲ" ಅಂತ ಪಕ್ಕದಲ್ಲಿ ಬರೆಯಿರಿ (ಮೆಟಾಫೇಸ್ ಅಂದರೆ ಕ್ರೋಮೋಸೋಮ್‌ಗಳು ಕೋಶದ ನಡುವೆ ಸಾಲಾಗಿ ನಿಲ್ಲುವ ಹಂತ). ನಾನು ಅದಕ್ಕೆ ಅಂಕ ಕಡಿಮೆ ಮಾಡುವುದಿಲ್ಲ, ಜಾಸ್ತಿಯೇ ಕೊಡುತ್ತೇನೆ.

ಚಿತ್ರಕ್ಕೆ ಪೆನ್ಸಿಲ್ ಮಾತ್ರ. ಭಾಗಗಳ ಹೆಸರು ಒಂದೇ ಬದಿಗೆ, ಗೆರೆಗಳು ಒಂದನ್ನೊಂದು ದಾಟದ ಹಾಗೆ. ವೈಜ್ಞಾನಿಕ ಹೆಸರಿನಲ್ಲಿ ಮೊದಲ ಪದಕ್ಕೆ ದೊಡ್ಡಕ್ಷರ, ಎರಡನೆಯದಕ್ಕೆ ಚಿಕ್ಕಕ್ಷರ, ಕೈಯಲ್ಲಿ ಬರೆದಾಗ ಎರಡಕ್ಕೂ ಬಿಡಿಬಿಡಿಯಾಗಿ ಅಡಿಗೆರೆ. ಸಣ್ಣದು ಅನ್ನಿಸುತ್ತದೆ, ಆದರೆ ಸ್ಪಾಟರ್ ಪರೀಕ್ಷೆಯಲ್ಲಿ (ಮುಂದಿಟ್ಟ ಮಾದರಿ ನೋಡಿ ಗುರುತಿಸುವುದು) ಅಂಕ ಸೋರುವುದು ಇಲ್ಲೇ.

ಇನ್ನೊಂದು ಮಾತು. ಸೀನಿಯರ್ ನೋಟ್ಸ್ ಕೊಳ್ಳುವ ಮೊದಲು ಸಿಲಬಸ್ ಹಾಳೆ ಪಕ್ಕದಲ್ಲಿಟ್ಟು ನೋಡಿ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ, ನಾಲ್ಕು ವರ್ಷದ ಡಿಗ್ರಿ) ಬಂತು, 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿಗೆ ಹೋದೆವು. ಕೆಲವೇ ವರ್ಷದಲ್ಲಿ ಎರಡು ಸಲ ಪಾಠಪಟ್ಟಿ, ಅಂಕಗಳ ಹಂಚಿಕೆ ಎಲ್ಲ ಬದಲಾಗಿದೆ. ಅಕ್ಕನ ಕಾಲದಲ್ಲಿ ಇಂಟರ್ನಲ್‌ಗೆ (ಕಾಲೇಜಿನಲ್ಲೇ ಕೊಡುವ ಅಂಕ) ಇಷ್ಟಿತ್ತು ಅಂತ ನಂಬಿ ಕೂರಬೇಡಿ. ನಿಮ್ಮ ಬ್ಯಾಚ್‌ಗೆ ಎಷ್ಟು ಅಂತ ನಿಮ್ಮ ಮೇಡಂ ಬಳಿಯೇ ಕೇಳಿ ಬರೆದಿಟ್ಟುಕೊಳ್ಳಿ. ಇಂಟರ್ನಲ್ ಅಂಕ ಯುಯುಸಿಎಂಎಸ್‌ಗೆ (ವಿಶ್ವವಿದ್ಯಾಲಯಗಳ ಆನ್‌ಲೈನ್ ವ್ಯವಸ್ಥೆ) ಏರಿಸುವ ಮೊದಲು ನಮ್ಮಲ್ಲಿ ಮಕ್ಕಳಿಗೆ ತೋರಿಸಿ ಸಹಿ ಪಡೆಯುತ್ತೇವೆ. ಆ ದಿನ ತಪ್ಪಿಸಬೇಡಿ. ಕೂಡಿದ್ದು ತಪ್ಪಾಗಿದ್ದರೆ ಆಗಲೇ ಹೇಳಿ, ಆಮೇಲೆ ತಿದ್ದುವುದು ದೊಡ್ಡ ಓಡಾಟ.

ಈಗ ಲ್ಯಾಬ್‌ನಲ್ಲಿ ಕೆಲಸ ಮಾಡುವವನು, ಬೆಂಗಳೂರು

ನನ್ನದು ಸ್ವಲ್ಪ ಬೇರೆ ಅನುಭವ. ಯಾರಿಗಾದರೂ ಉಪಯೋಗ ಆದೀತು ಅಂತ ಬರೆಯುತ್ತಿದ್ದೇನೆ.

ನನಗೆ ಕೆಂಪು, ಹಸಿರು ಸರಿಯಾಗಿ ಗುರುತು ಸಿಗುವುದಿಲ್ಲ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಬಾಟನಿಯಲ್ಲಿ ಕಾಂಡವನ್ನು ತೆಳ್ಳಗೆ ಕೊಯ್ದು ಬಣ್ಣ ಹಾಕುತ್ತೇವಲ್ಲ, ಸಫ್ರಾನಿನ್ ಮತ್ತು ಫಾಸ್ಟ್ ಗ್ರೀನ್, ಗಟ್ಟಿಯಾದ ಕ್ಸೈಲಂ (ನೀರು ಸಾಗಿಸುವ ಭಾಗ) ಕೆಂಪಾಗಬೇಕು, ಮೆತ್ತನೆಯ ಭಾಗ ಹಸಿರಾಗಬೇಕು. ನನಗೆ ಎರಡೂ ಒಂದೇ ಥರ ಮಸುಕು ಕಂದು. ಮೊದಲ ಟೆಸ್ಟ್‌ನಲ್ಲಿ ಗೆಳೆಯನ ಚಿತ್ರ ನೋಡಿ ಬರೆದೆ, ಸರ್ ಹಿಡಿದರು. ನಕಲು ಅಂತ ಸೊನ್ನೆ ಹಾಕಿದರು. ತರಗತಿಯ ಎದುರು ನಿಲ್ಲಿಸಿದ್ದು ಇವತ್ತಿಗೂ ನೆನಪಿದೆ.

ಆಮೇಲೆ ಧೈರ್ಯ ಮಾಡಿ ಸ್ಟಾಫ್ ರೂಮಿಗೆ ಹೋಗಿ ಇದ್ದದ್ದು ಹೇಳಿದೆ. ಅವರು ಒಂದು ನಿಮಿಷ ಸುಮ್ಮನಿದ್ದರು. ನಂತರ ಸ್ಲೈಡ್ ಇಟ್ಟು, "ಬಣ್ಣ ಬಿಡು, ಗೋಡೆ ನೋಡು" ಅಂದರು. ಕ್ಸೈಲಂ ಕೊಳವೆಗಳ ಗೋಡೆ ದಪ್ಪ, ಒಳಗೆ ಖಾಲಿ. ಪಕ್ಕದ ಕೋಶಗಳ ಗೋಡೆ ತೆಳು. ಅವತ್ತಿನಿಂದ ಆಕಾರ ನೋಡಿಯೇ ಗುರುತಿಸಲು ಕಲಿತೆ. ಆ ಸೊನ್ನೆ ಹಾಗೇ ಉಳಿಯಿತು, ನಿಯಮ ನಿಯಮವೇ, ನಾನೂ ಒಪ್ಪಿದೆ. ಆದರೆ ಮುಂದಿನ ಟೆಸ್ಟ್‌ಗಳಲ್ಲಿ ಬಣ್ಣ ಕೇಳುವ ಪ್ರಶ್ನೆ ಇದ್ದರೆ ನನಗೆ ಬೇರೆ ಪ್ರಶ್ನೆ ಕೊಟ್ಟರು.

ಕಣ್ಣು, ಕಿವಿ, ಫಿಟ್ಸ್, ಅಲರ್ಜಿ, ರಕ್ತ ನೋಡಿದರೆ ತಲೆ ಸುತ್ತುವುದು, ಏನೇ ಇದ್ದರೂ ಮೊದಲ ವಾರ ಹೇಳಿಬಿಡಿ. ಜುವಾಲಜಿಯಲ್ಲಿ ರಕ್ತದ ಗುಂಪು ನೋಡಲು ಬೆರಳು ಚುಚ್ಚುತ್ತಾರೆ, ನಮ್ಮ ಬ್ಯಾಚ್‌ನ ಒಬ್ಬಳು ಹೇಳದೆ ಕೂತು ಅಲ್ಲೇ ಬಿದ್ದಳು. ನಿಯಮದ ಹಾಳೆಯಲ್ಲಿ ಇದೆಲ್ಲ ಬರೆದಿರುವುದಿಲ್ಲ.

ಎರಡನೇ ವರ್ಷ, ಸಾಗರದ ಹತ್ತಿರದ ಹಳ್ಳಿ

ನಾನೂ ಕನ್ನಡ ಮಾಧ್ಯಮದವಳೇ. ಇಂಗ್ಲಿಷ್ ಪದಗಳಿಗೆ ಹೆದರಬೇಡ. ಒಂದು ನೋಟ್‌ಬುಕ್ ಇಟ್ಟು, ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡದಲ್ಲಿ ನನಗೆ ಅರ್ಥವಾದದ್ದು ಬರೆಯುತ್ತಿದ್ದೆ. ಬಸ್ಸಿನಲ್ಲಿ ಅದನ್ನೇ ಓದುತ್ತಿದ್ದೆ. ನಿನಗೆ ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲೇ ಹೋಗುತ್ತದೆ, ಅದರಲ್ಲಿ ಅರ್ಧ ಗಂಟೆ ಸಾಕು.

ಹರ್ಬೇರಿಯಂ ಮಾತ್ರ ಈಗಲೇ ಶುರು ಮಾಡು. ಮಳೆಗಾಲದಲ್ಲಿ ಗಿಡ ಒಣಗುವುದೇ ಇಲ್ಲ. ನಾನು ಮೊದಲು ಒತ್ತಿದ ಹತ್ತರಲ್ಲಿ ಆರಕ್ಕೆ ಬೂಷ್ಟು ಬಂತು. ಪೇಪರ್ ಮಡಿಕೆಯೊಳಗೆ ಗಿಡ ಇಟ್ಟು ಮೇಲೆ ಭಾರ ಹೇರಿದ ಮೇಲೆ, ಮೊದಲ ನಾಲ್ಕೈದು ದಿನ ಪೇಪರ್ ದಿನಾ ಬದಲಿಸಬೇಕು, ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಹೂವು ಇರುವ ರೆಂಬೆಯನ್ನೇ ತೆಗೆದುಕೋ, ಹೂವಿಲ್ಲದಿದ್ದರೆ ಯಾವ ಕುಟುಂಬ ಅಂತ ಹೇಳುವುದು ಕಷ್ಟ. ಕಿತ್ತ ದಿನ, ಜಾಗ, ಹೂವಿನ ಬಣ್ಣ ಅಲ್ಲೇ ಬರೆದುಕೋ, ಒಣಗಿದ ಮೇಲೆ ಬಣ್ಣ ಹೋಗಿಬಿಡುತ್ತದೆ. ಅಪರೂಪದ ಗಿಡ ಹುಡುಕಿ ಕಾಡಿಗೆ ಹೋಗಬೇಕಿಲ್ಲ. ದಾಸವಾಳ, ತುಂಬೆ, ಉಮ್ಮತ್ತಿ, ಎಕ್ಕ, ಮನೆ ಸುತ್ತ ಎಷ್ಟಿಲ್ಲ! ಉಮ್ಮತ್ತಿ, ಎಕ್ಕ ಮುಟ್ಟಿದ ಮೇಲೆ ಕೈ ತೊಳೆದುಕೋ, ಎಕ್ಕದ ಹಾಲು ಕಣ್ಣಿಗೆ ತಾಗಬಾರದು. ನನಗೆ ಗಿಡಗಳ ಹೆಸರು ಹೇಳಿಕೊಟ್ಟಿದ್ದು ಅಜ್ಜಿ. ಪುಸ್ತಕದಲ್ಲಿ ಅವರ ತುಂಬೆ ಲ್ಯೂಕಾಸ್ ಆಸ್ಪೆರಾ ಆಗಿ ಸಿಕ್ಕಾಗ ಆದ ಖುಷಿ ಹೇಳಲು ಆಗುವುದಿಲ್ಲ.

ಅಸೈನ್‌ಮೆಂಟ್ ಬಗ್ಗೆ: ಮೊಬೈಲ್‌ನಲ್ಲಿ ಎಐ ಬರೆದುಕೊಟ್ಟಿದ್ದನ್ನು ಹಾಗೇ ಇಳಿಸಿ ಕೊಡಬೇಡ. ನಮ್ಮಲ್ಲಿ ಇಬ್ಬರನ್ನು ನಿಲ್ಲಿಸಿ "ಇದನ್ನು ವಿವರಿಸಿ" ಅಂದರು, ಅವರು ಒಂದು ಸಾಲೂ ಹೇಳಲಿಲ್ಲ. ಎರಡು ಪುಟ ಆದರೂ ನಿನ್ನದೇ ಇರಲಿ.

ಕೇಳಿದವರು

ಅಕ್ಕ, ಅಣ್ಣ, ಸರ್, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾಳೆಯೇ ಮೇಡಂಗೆ ಬಸ್ಸಿನ ವಿಷಯ ಹೇಳುತ್ತೇನೆ. ಇನ್ನೊಂದು ಕೇಳಬಹುದಾ? ಜುವಾಲಜಿಯಲ್ಲಿ ಕಪ್ಪೆ, ಜಿರಳೆ ಕೊಯ್ಯಬೇಕಾ? ನನಗೆ ಅದು ಆಗುವುದಿಲ್ಲ, ಅದಕ್ಕೇ ಬೇರೆ ಕೋರ್ಸ್‌ಗೆ ಹೋಗಲಾ ಅಂತಲೂ ಯೋಚನೆ ಮಾಡಿದ್ದೆ. ಮತ್ತೆ ಗುರುವಾರ ನಮಗೆ ಮೊದಲ ಪ್ರಾಕ್ಟಿಕಲ್, ಅದೇ ಈರುಳ್ಳಿ ಬೇರಿನದು.

ಬಾಟನಿ ಪಾಠ ಮಾಡುವವರು, ಉತ್ತರ ಕರ್ನಾಟಕ

ಕೊಯ್ಯುವ ಪಾಠ ಈಗ ಇಲ್ಲಮ್ಮ. ಪದವಿ ತರಗತಿಗಳಲ್ಲಿ ಪ್ರಾಣಿ ಕೊಯ್ಯುವುದನ್ನು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2014ರಲ್ಲೇ ನಿಲ್ಲಿಸಿದೆ. ಮಾದರಿ, ಚಾರ್ಟ್, ಕಂಪ್ಯೂಟರ್‌ನಲ್ಲಿ ತೋರಿಸುತ್ತಾರೆ. ಇದಕ್ಕಾಗಿ ಕೋರ್ಸ್ ಬಿಡುವ ಯೋಚನೆ ಬೇಡ.

ಗುರುವಾರ ಅಂದರೆ ಇನ್ನು ಮೂರೇ ದಿನ. ಬೇರು ಬರಲು ಅಷ್ಟು ಬೇಕೇ ಬೇಕು. ನಿಮ್ಮ ಕಾಲೇಜಿನಲ್ಲಿ ಇಟ್ಟಿರುತ್ತಾರೆ, ಆದರೂ ಮನೆಯಲ್ಲಿ ಒಂದು ಇಡಿ. ಈರುಳ್ಳಿಯ ಒಣ ಬೇರು ಕೆರೆದು, ಬುಡ ಮಾತ್ರ ನೀರು ತಾಗುವ ಹಾಗೆ ಲೋಟದ ಬಾಯಿಗೆ ಕೂರಿಸಿ, ನೀರು ದಿನಾ ಬದಲಿಸಿ. ಬೇರು ಎರಡು ಸೆಂಟಿಮೀಟರ್ ಆದರೆ ಸಾಕು. ಬಸ್ಸಿಗೆ ಹತ್ತುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿ.